ಕೈ ತೊಳ್ಕೊಂಡು ಬನ್ನಿ ಸಾರ್

ನರ್ಸ್ ಕೆಲಸಕ್ಕೆ ಸೇರುವಾಗ ಜನರ ಪ್ರಾಣ ಉಳಿಸುವುದೇ ನನ್ನ ಕೆಲಸ ಅಂದುಕೊಂಡಿದ್ದೆ. ಸೇರಿದ ಮೇಲೆ ತಿಳಿಯಿತು, "ಕೈ ತೊಳ್ಕೊಳ್ಳಿ" ಅನ್ನುವುದೇ ನನ್ನ ಕೆಲಸ. ತುಮಕೂರು, ಗುಬ್ಬಿ, ಕುಣಿಗಲ್, ಎಲ್ಲಿಗೆ ವರ್ಗವಾದರೂ ಇದೇ ಪಾಡು. ಹೇಳಿ ಹೇಳಿ ನನ್ನ ಬಾಯಿ ಸವೆಯಿತೇ ಹೊರತು ಆಸ್ಪತ್ರೆಯ ಸೋಪು ಸವೆಯಲಿಲ್ಲ.

೧. ಸುಡೋ ಸೂಜಿ

ಎಪ್ಪತ್ತರ ದಶಕ, ತುಮಕೂರಿನ ಮಕ್ಕಳ ವಾರ್ಡು. ಆಗೆಲ್ಲ ಗಾಜಿನ ಸಿರಿಂಜು. ಕುದಿಸಿ ಕುದಿಸಿ ಅದನ್ನೇ ಬಳಸಬೇಕು. ಆಯಾಗೆ ಹೇಳಿಕೊಟ್ಟಿದ್ದೆ, ಪಾಪ, ನಿಷ್ಠೆಯಿಂದ ಕುದಿಸುತ್ತಿದ್ದಳು. ಆದರೂ ಮಕ್ಕಳಿಗೆ ಚುಚ್ಚಿದ ಜಾಗ ಬಾತುಕೊಂಡು ಕೀವಾಗುತ್ತಿತ್ತು. ನನಗೆ ತಲೆ ಕೆಟ್ಟುಹೋಯಿತು. ಒಂದು ದಿನ ಹೋಗಿ ನೋಡಿದರೆ, ಕುದಿಸಿದ ಸಿರಿಂಜನ್ನು ಸೆರಗಿನಲ್ಲಿ ಹಿಡಿದು ನಲ್ಲಿ ನೀರಿಗೆ ಒಡ್ಡಿದ್ದಾಳೆ!

"ಏನೇ ಇದು?"

"ತಣ್ಣಗ್ ಮಾಡ್ತಾ ಇವ್ನಿ ಸಿಸ್ಟ್ರೇ. ಸುಡೋ ಸೂಜಿ ಚುಚ್ಚುದ್ರೆ ಮಗ ಅಳಲ್ವಾ?"

"ಕುದಿಸಿದ್ದೆಲ್ಲ ದಂಡ ಆಯ್ತಲ್ಲೇ!"

"ನಾನೂ ಅದನ್ನೇ ಯೋಳೋದು. ಸುಮ್ಕೆ ಸೀಮೆಎಣ್ಣೆ ದಂಡ. ತೊಳ್ದೇ ಕೊಡ್ತೀನಿ ಬುಡಿ."

೨. ಒಗೆದ ಮಾಸ್ಕು

ಗುಬ್ಬಿಯ ಕಾಂಪೌಂಡರಿಗೆ ಸದಾ ನೆಗಡಿ. ಮಾಸ್ಕ್ ಹಾಕಿಕೊಳ್ಳಿ ಅಂತ ತಿಂಗಳುಗಟ್ಟಲೆ ಗೋಗರೆದ ಮೇಲೆ ಒಪ್ಪಿದರು. ಒಬ್ಬ ರೈತನ ಕಾಲಿನ ಗಾಯ ಬಿಚ್ಚಿ ಬಗ್ಗಿದ್ದಾರೆ, ಸೀನು ಬಂತು. ಸರಕ್ಕನೆ ಮಾಸ್ಕನ್ನು ಗದ್ದಕ್ಕೆ ಇಳಿಸಿ, ಗಾಯದ ಮೇಲೇ ಸೀನಿ, ಮತ್ತೆ ಏರಿಸಿಕೊಂಡರು.

"ಅಯ್ಯೋ, ಯಾಕ್ ತೆಗೆದ್ರಿ ಸಾರ್?"

"ಇವತ್ತು ಒಗ್ದಿರೋದು ಕಣಮ್ಮಾ. ಗಲೀಜಾಗಲ್ವಾ?"

ಕಾಲು ಚಾಚಿಕೊಂಡಿದ್ದ ರೈತನೂ ತಲೆಯಾಡಿಸಿದ. "ಊ ಕಣವ್ವ, ಒಗ್ಯೋರ್ಗೂ ಕಷ್ಟ ಅಲ್ವಾ?"

೩. ಮಡಿ ಹೊಲಿಗೆ

ಎಂಬತ್ತರ ಹೊತ್ತಿಗೆ ಕುಣಿಗಲ್ಲಿಗೆ ಬಂದೆ. ಅಲ್ಲಿಯ ಡಾಕ್ಟರು ಆಪರೇಷನ್ನಿನಲ್ಲಿ ಪಳಗಿದವರು. ಥಿಯೇಟರಿನಲ್ಲಿ ಮೊಣಕೈವರೆಗೂ ಉಜ್ಜಿ ತೊಳೆಯುತ್ತಿದ್ದರು. ವಾರ್ಡಿಗೆ ಬಂದರೆ ಮುಗಿಯಿತು, ತಲೆ ಕೆರೆದುಕೊಂಡ ಕೈಯಲ್ಲೇ ಬ್ಯಾಂಡೇಜ್ ಬಿಚ್ಚುವುದು. ನಾನು ಬಾಯಿಬಿಟ್ಟರೆ, "ನನಗೇ ಪಾಠ ಹೇಳ್ತೀರೇನ್ರೀ?" ಅನ್ನುವರು. ಆಗಲೇ ಇಬ್ಬರ ಹೊಲಿಗೆ ಕೀವಾಗಿತ್ತು.

ಅಂಥ ಹೊತ್ತಿನಲ್ಲಿ ಕೊತ್ತಗೆರೆಯ ಕಡೆಯ ಒಬ್ಬ ಹುಡುಗಿಗೆ ಅಪೆಂಡಿಕ್ಸ್ ಆಪರೇಷನ್ ಆಯಿತು. ಮುಂದಿನ ತಿಂಗಳು ಅವಳ ಮದುವೆ. ಗಾಯ ಕೆಟ್ಟರೆ ಮುಹೂರ್ತ ತಪ್ಪುತ್ತಿತ್ತು. ಗಂಡಿನ ಕಡೆಯವರು "ಹುಡುಗಿಗೇ ಏನೋ ಕಾಯಿಲೆ" ಅಂತ ಆಗಲೇ ಗುಸುಗುಸು ಶುರು ಮಾಡಿದ್ದರು.

ಜೊತೆಗಿದ್ದ ಅವಳ ಅಜ್ಜಿ ಮಹಾ ಮಡಿಯವರು. ಸ್ಟೆರೈಲು, ಸೆಪ್ಟಿಕ್ಕು ಅಂತ ವಿವರಿಸಿ ವಿವರಿಸಿ ನನಗೂ ಸಾಕಾಗಿತ್ತು. "ಅಜ್ಜೀ, ಈ ಹೊಲಿಗೆ ಮಡೀಲಿದೆ. ಕೈ ತೊಳೀದೆ ಯಾರೂ ಮುಟ್ಟೋ ಹಾಗಿಲ್ಲ" ಅಂದುಬಿಟ್ಟೆ.

ಮರುದಿನ ಡಾಕ್ಟರು ತಲೆ ಕೆರೆಯುತ್ತಾ ಬಂದರು. ಅಜ್ಜಿ ಮಂಚಕ್ಕೆ ಅಡ್ಡ ನಿಂತರು. "ಮುಟ್ಟಬೇಡಿ! ಮೈಲಿಗೆ ಕೈ."

"ನಾನು ಡಾಕ್ಟ್ರು ಕಣಜ್ಜೀ."

"ಯಾರಾದ್ರೇನು? ನಮ್ಮನೇಲಿ ಪುರೋಹಿತರೂ ತೊಳ್ಕೊಂಡೇ ಬರೋದು."

ವಾರ್ಡಿಗೆ ವಾರ್ಡೇ ನೋಡುತ್ತಿತ್ತು. ಡಾಕ್ಟರು ಹೋಗಿ, ಸೋಪು ಹಚ್ಚಿ ತೊಳೆದು, ಎರಡೂ ಕೈ ಮೇಲೆತ್ತಿಕೊಂಡು ಬಂದರು. ಇನ್ನು ಈ ಮದುವೆಗೆ ಮೋಸವಿಲ್ಲ ಅಂದುಕೊಂಡೆ. ಎಷ್ಟೋ ವರ್ಷದ ಮೇಲೆ ಹಾಯೆನಿಸಿತು.

ಅಜ್ಜಿಗೂ ಸಂತೋಷವಾಯಿತು. "ಈಗ ಮಡಿಯಾಯ್ತು ನೋಡಿ. ಹಿಡೀರಿ, ದೇವರಾಯನದುರ್ಗದ ತೀರ್ಥ" ಅಂತ ಒಂದು ಉದ್ಧರಣೆ ಅಂಗೈಗೆ ಹಾಕಿದರು. ಡಾಕ್ಟರು ಭಕ್ತಿಯಿಂದ ಕುಡಿದು, ಒದ್ದೆ ಕೈಯನ್ನು ವಾಡಿಕೆಯಂತೆ ಎಣ್ಣೆ ತಲೆಗೆ ಒರೆಸಿಕೊಂಡು, ಬ್ಯಾಂಡೇಜಿಗೆ ಕೈ ಹಾಕಿದರು.

"ಸಾರ್! ಕೈ!" ಅಂತ ಕಿರುಚಿದೆ.

ಅವರು ಹೋಗಿ ಮತ್ತೆ ಸೋಪು ಹಚ್ಚಿ ತೊಳೆದುಕೊಂಡು ಬಂದರು. ಅಜ್ಜಿ ಉದ್ಧರಣೆ ತುಂಬಿಕೊಂಡು ಕಾಯುತ್ತಿದ್ದರು.

"ಹಿಡೀರಿ ಡಾಕ್ಟ್ರೇ. ತೀರ್ಥ ಮೂರು ಸಲ ತಗೋಬೇಕು. ಇನ್ನೂ ಎರಡಿದೆ."