ಬೀಗರ ಒಂದೇ ಏಟು

ನಮ್ಮ ಬೀಗರಿಗೆ ತಲೆ ಸರಿಯಿಲ್ಲ ಎಂದು ನಾನು ಹೇಳುವುದಿಲ್ಲ. ತಲೆ ಸರಿಯಾಗಿಯೇ ಇದೆ. ಸರಿಯಿಲ್ಲದಿರುವುದು ಕೈ. ಆ ಎರಡು ಕೈಗಳನ್ನು ಸುಮ್ಮನೆ ಇಟ್ಟುಕೊಳ್ಳುವುದನ್ನು ಅವರಿಗೆ ಹೆತ್ತವರು ಕಲಿಸಲಿಲ್ಲ, ಮೇಷ್ಟರು ಕಲಿಸಲಿಲ್ಲ, ಅಂಚೆ ಕಚೇರಿಯವರಂತೂ ಕಲಿಸಲೇ ಇಲ್ಲ. ಅಲ್ಲಿ ಅವರ ಕೆಲಸವೇ ದಿನವಿಡೀ ಕಾಗದಗಳ ಮೇಲೆ ಮುದ್ರೆ ಬಡಿಯುವುದಾಗಿತ್ತು! ಕೊನೆಗೆ ನಾನೇ ಕಲಿಸಬೇಕಾಗಿ ಬಂತು. ಅದೂ ಸ್ವೀಡನ್ನಿನಲ್ಲಿ, ಸಾರಿನ ಸಹಾಯದಿಂದ.

ಬೀಗರು ಎಂದರೆ ನನ್ನ ಮಗಳ ಮಾವ. ಲಿಂಕೋಪಿಂಗ್‌ನಲ್ಲಿ ಮಗಳು, ಅಳಿಯ ಇಬ್ಬರೂ ಇಂಜಿನಿಯರುಗಳು. ಮೊಮ್ಮಗಳನ್ನು ದಾಗಿಸ್ ಎಂಬ ಇಲ್ಲಿನ ಶಿಶುವಿಹಾರಕ್ಕೆ ಬಿಟ್ಟು ಕರೆತರಲು ನಾನು ಮೊದಲೇ ಬಂದು ಸೇರಿದ್ದೆ. ತುಮಕೂರಿನಲ್ಲಿ ನಮ್ಮ ಬೀಗಿತ್ತಿ ತೀರಿಕೊಂಡ ಮೇಲೆ ಅಳಿಯ ತನ್ನ ಅಪ್ಪನನ್ನೂ ಕರೆತಂದ. ನಮ್ಮ ಕಡೆ ಬೀಗರೆಂದರೆ ವರ್ಷಕ್ಕೊಮ್ಮೆ ಬಂದು, ಹೋಳಿಗೆ ತಿಂದು, ಏನಾದರೊಂದು ಕೊಂಕು ತೆಗೆದು ಹೋಗಬೇಕಾದವರು. ಇವರು ತಿನ್ನುತ್ತಾರೆ, ಕೊಂಕು ತೆಗೆಯುತ್ತಾರೆ, ಹೋಗುವುದಿಲ್ಲ ಅಷ್ಟೆ.

ತುಮಕೂರಿನ ಶನಿವಾರದ ಭಜನೆಯಲ್ಲಿ ಬೀಗಿತ್ತಿ ಹಾಡುವವರು, ಬೀಗರು ತಾಳ ಹಾಕುವವರು. ಮಗಳ ಮದುವೆಯ ಮಾತುಕತೆಗೆ ಹೋದಾಗ ನಾನೂ ಕೂತು ಕೇಳಿದ್ದೇನೆ. ಕೇಳಿಸಿದ್ದು ತಾಳ ಮಾತ್ರ! ಆಕೆ ಒಂದು ಸಾಲು ಎತ್ತಿಕೊಂಡು ಅರ್ಧಕ್ಕೆ ಬರುವಷ್ಟರಲ್ಲಿ ಈ ಮಹಾರಾಯರು ಝಣಝಣ ಬಡಿದು ಹಾಡನ್ನೇ ನುಂಗಿಬಿಡುತ್ತಿದ್ದರು. ಹೆಂಡತಿಯ ದನಿ ನಾಲ್ಕು ಜನಕ್ಕೆ ಕೇಳಿಸಿದರೆ ಇವರ ಗಂಟೇನು ಹೋಗುತ್ತಿತ್ತು? ಅಂದೇ ಮಗಳ ಕಿವಿಯಲ್ಲಿ ಹೇಳಿದ್ದೆ. ಅವಳು ಹುಡುಗನನ್ನು ನೋಡುತ್ತಿದ್ದಳು, ಹುಡುಗನ ಅಪ್ಪನ ತಾಳ ಅವಳಿಗೆ ಬೇಕಾಗಿರಲಿಲ್ಲ.

ಬೀಗಿತ್ತಿ ಹೋದ ಮೇಲೆ ಬೀಗರು ತಾಳ ಮುಟ್ಟಲಿಲ್ಲ. ಆದರೆ ಕೈ ನಿಲ್ಲಬೇಕಲ್ಲ! ಮೇಜು, ಕುರ್ಚಿ, ನೀರಿನ ಬಾಟಲಿ, ಯಾವುದೂ ಉಳಿಯಲಿಲ್ಲ. ಸ್ವೀಡನ್ನಿನ ಬಸ್ಸಿನಲ್ಲಿ ಜನ ಕೆಮ್ಮುವುದಕ್ಕೂ ಯೋಚನೆ ಮಾಡುತ್ತಾರೆ. ಅಂಥ ಬಸ್ಸಿನಲ್ಲಿ ಇವರು ಕಂಬಿ ಹಿಡಿದು ಉಂಗುರದಿಂದ ಟಕ್ಕಟಕ್ಕ ಬಡಿಯುತ್ತಿದ್ದರು. ಸುತ್ತಲಿನವರು ಒಬ್ಬೊಬ್ಬರಾಗಿ ಎದ್ದು ಹಿಂದಕ್ಕೆ ಹೋಗುತ್ತಿದ್ದರು. ನಾನೇನು ಕಡಿಮೆಯೇ? ಎಲ್ಲರಿಗಿಂತ ಮೊದಲು ಎದ್ದು ಹೋಗುತ್ತಿದ್ದವಳು ನಾನು.

ಹೀಗಿರುವಾಗ ಫೋನಿನಲ್ಲಿ ಅವರಿಗೆ ಒಬ್ಬ ರಷ್ಯಾದವನು ಗಂಟುಬಿದ್ದ. ಹೋದ ಶತಮಾನದ ಸಂಗೀತಗಾರ, ಸತ್ತು ಬಹಳ ಕಾಲವಾಗಿದೆ. ಅವನ ಹೆಸರು ಹೇಳಲು ಹೋದರೆ ನನ್ನ ಕಟ್ಟಿಸಿಕೊಂಡ ಹಲ್ಲು ಕಳಚಿಕೊಳ್ಳುತ್ತದೆ, ಆದ್ದರಿಂದ ನನ್ನ ಪಾಲಿಗೆ ಅವನು ಕನ್ನಡಕದವನು. ಫೋನಿನಲ್ಲಿ ಫೋಟೋ ನೋಡಿದ್ದೇನೆ. ದುಂಡು ಕನ್ನಡಕ, ನೆಂಟರು ಬಂದ ಹೊತ್ತಿಗೆ ಗ್ಯಾಸು ಮುಗಿದವನ ಮುಖ. ಅಂಥ ಮುಖದವನು ಇಷ್ಟು ಚೆಂದದ ಕುಣಿತಗಳನ್ನು ಹೇಗೆ ಕಟ್ಟಿದನೋ! ವಾಲ್ಟ್ಸ್ ಎಂಬ ಅವನ ಒಂದು ಕುಣಿತ ಇದೆ. ಒಂದು ಎರಡು ಮೂರು, ಒಂದು ಎರಡು ಮೂರು ಎಂದು ತಿರುಗುತ್ತಲೇ ಇರುತ್ತದೆ. ಸಂಗೀತದ ಗಂಧವಿಲ್ಲದವರೂ ಎಲ್ಲೋ ಒಂದು ಜಾಹೀರಾತಿನಲ್ಲಿ ಕೇಳಿ ಗುನುಗುತ್ತಾರಂತೆ. ಇನ್ನೊಂದು ಹಬ್ಬದ ತುತ್ತೂರಿಯದು, ಮತ್ತೊಂದು ಪಿಯಾನೋದ್ದು, ಮೆಲ್ಲಗೆ ಹೋಗುತ್ತದೆ. ನಮ್ಮ ಮನೆಯಲ್ಲಿ ತುತ್ತೂರಿಗೆ ಕಾಫಿ, ವಾಲ್ಟ್ಸ್‌ಗೆ ಚಪಾತಿ, ಪಿಯಾನೋಗೆ ಸಂಜೆಯ ಬಿಪಿ ಮಾತ್ರೆ ಎಂದಾಯಿತು.

ಚಪಾತಿಯ ಕಥೆ ಕೇಳಿ. ಬೀಗರು ವಾಲ್ಟ್ಸ್ ಹಾಕಿಕೊಂಡು ಲಟ್ಟಿಸಿದರೆ ಪ್ರತಿ ಸುತ್ತಿಗೂ ಮೂರು ಒತ್ತು ಬೀಳುತ್ತದೆ. ಮೂರು ಒತ್ತು ಬಿದ್ದರೆ ಚಪಾತಿಗೆ ಮೂರು ಮೂಲೆ ಬರುತ್ತದೆ. ಇದೇನು ಬೀಗರೇ ಸಮೋಸಾ ಮಾಡುತ್ತಿದ್ದೀರಾ ಎಂದು ಕೇಳಿದೆ. ಹೊಟ್ಟೆಯೊಳಗೆ ಹೋದ ಮೇಲೆ ಮೂಲೆ ಯಾರು ನೋಡುತ್ತಾರೆ ಎಂದರು. ಮೊಮ್ಮಗಳು ಈಗ ದುಂಡನೆಯ ಚಪಾತಿ ಕೊಟ್ಟರೆ ಇದು ಚಪಾತಿಯೇ ಅಲ್ಲ ಎಂದು ಸ್ವೀಡಿಷಿನಲ್ಲಿ ಅಳುತ್ತಾಳೆ.

ನಮ್ಮ ಬಡಾವಣೆಯಲ್ಲಿ ಹವ್ಯಾಸಿಗಳ ಒಂದು ವಾದ್ಯಮೇಳವಿದೆ. ಇಂಗ್ರಿಡ್ ಎಂಬ ನಿವೃತ್ತ ಟೀಚರಮ್ಮ ಅದನ್ನು ನಡೆಸುತ್ತಾರೆ. ವಸಂತದ ಸಂಗೀತ ಕಚೇರಿಗೆ ಕನ್ನಡಕದವನ ಅದೇ ವಾಲ್ಟ್ಸನ್ನು ತಮಗೆ ಬೇಕಾದಂತೆ ಕತ್ತರಿಸಿ ಹೊಲಿದುಕೊಂಡಿದ್ದರು. ಅವರ ದೊಡ್ಡ ತಾಳ ಬಡಿಯುವವನು ಬೇರೆ ಊರಿಗೆ ಹೋದನಂತೆ. ಆ ಸುದ್ದಿ ಬೀಗರ ಕಿವಿಗೆ ಬಿತ್ತು. ಮರುದಿನವೇ ಹೋಗಿ ಹೆಸರು ಕೊಟ್ಟು ಬಂದರು. ಬೀಗಿತ್ತಿ ಹೋದ ಮೇಲೆ ಈ ಮನುಷ್ಯ ತಾನಾಗಿ ಒಂದು ಅಂಗಿಯನ್ನೂ ಆರಿಸಿಕೊಂಡವರಲ್ಲ. ಈಗ ತಾಳ ಹಿಡಿಯುತ್ತೇನೆಂದು ಹೊರಟದ್ದು ನೋಡಿ ಅಳಿಯ ಬಚ್ಚಲಮನೆಗೆ ಹೋಗಿ ಮುಖ ತೊಳೆದುಕೊಂಡು ಬಂದ.

ಆದರೆ ಭಜನೆಯೇ ಬೇರೆ, ಈ ಮೇಳವೇ ಬೇರೆ. ಭಜನೆಯಲ್ಲಿ ತಾಳ ಒಮ್ಮೆ ಶುರುವಾದರೆ ಮಂಗಳಾರತಿಯ ತನಕ ನಿಲ್ಲುವ ಹಾಗಿಲ್ಲ. ಈ ವಾಲ್ಟ್ಸ್‌ನಲ್ಲಿ ತಾಳದವನಿಗೆ ಇರುವುದು ಒಂದೇ ಏಟು! ಉಳಿದಷ್ಟೂ ಹೊತ್ತು ಆ ತಾಳದ ಎರಡು ತಟ್ಟೆ ಹಿಡಿದುಕೊಂಡು, ಊಟಕ್ಕೆ ಕಾಯುವವನಂತೆ ನಿಂತಿರಬೇಕು. ಕಡೆಯಲ್ಲಿ ಎಲ್ಲರೂ ಮೇಲೇರಿ ಒಂದು ಕ್ಷಣ ತಡೆಯುತ್ತಾರೆ, ಆಗ ಒಮ್ಮೆ ಝಣ್ ಎನ್ನಿಸಬೇಕು. ನಮ್ಮವರು ಮೊದಲ ಅಭ್ಯಾಸದಲ್ಲೇ ಪಿಟೀಲಿನವರ ಮೊದಲ ಎಳೆತದಿಂದಲೇ ಶುರುಮಾಡಿದರು. ಒಂದು ಎರಡು ಮೂರು, ಝಣ ಝಣ ಝಣ. ಕೊಳಲಿನ ಮುದುಕಿ ಬೆಚ್ಚಿ ಕುರ್ಚಿಯಿಂದ ಜಾರಿದಳಂತೆ. ಎರಡನೆಯ ಅಭ್ಯಾಸದಲ್ಲೂ ಅದೇ. ಇಂಗ್ರಿಡ್ ಫಿಕಾ ಎಂಬ ಇಲ್ಲಿನ ಕಾಫಿ ವಿರಾಮದ ಹೊತ್ತಿಗೆ ಬೀಗರನ್ನು ಪಕ್ಕಕ್ಕೆ ಕರೆದು, ಕೈಗೆ ಕಾಫಿ ಕೊಟ್ಟು, ಬನ್ನು ಕೊಟ್ಟು, ಇನ್ನೊಂದು ಸಲ ಹೀಗಾದರೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದರು. ಇಲ್ಲಿಯವರು ಕತ್ತು ಕೊಯ್ಯುವುದಾದರೂ ಬನ್ನು ಕೊಟ್ಟೇ ಕೊಯ್ಯುತ್ತಾರೆ.

ಮಗಳು ನನ್ನ ಹತ್ತಿರ ಬಂದಳು. "ಅಮ್ಮ, ಮಾವಂಗೆ ನೀನೇ ಹೇಳು, ಬಿಟ್ಬಿಡಲಿ. ನಮ್ಮ ಟೀಮ್ ಅವ್ರೆಲ್ಲ ಬರ್ತಾರೆ ಆ ಕಾನ್ಸರ್ಟ್‌ಗೆ. ಎಲ್ಲರ ಮುಂದೆ ಅವಮಾನ ಆದ್ರೆ ಅವ್ರು ತಡ್ಕೊಳಲ್ಲ."

ಹೇಳಲೆಂದೇ ಹೋದೆ. ಬೀಗರು ಕಿಟಕಿಯ ಬಳಿ ಕೂತಿದ್ದರು. ಎರಡೂ ಕೈ ತೊಡೆಯ ಕೆಳಗೆ ಅದುಮಿಕೊಂಡಿದ್ದರು.

"ಬೀಗರೇ, ಭಯ ಆಗ್ತಿದ್ರೆ ಬಿಟ್ಬಿಡಿ" ಎಂದೆ.

"ಭಯ ಆಗ್ದೆ ಇರುತ್ತಾ? ಆ ರಷ್ಯಾದೋನಿಗೆ ಜೀವನ ಪೂರ್ತಿ ಸರ್ಕಾರದ ಭಯ ಇತ್ತಂತೆ. ಹೆದರ್ಕೊಂಡೇ ಅಷ್ಟೆಲ್ಲ ಬರ್ದ. ನಾನು ಹೆದರ್ಕೊಂಡು ಒಂದು ಏಟು ಹಾಕಕ್ಕಾಗಲ್ವಾ? ಇದೂ ಕೈ ತಪ್ಪಿದ್ರೆ ನಾನು ಇನ್ನು ತಾಳ ಮುಟ್ಟಲ್ಲ ಬಿಡಿ."

ಬಿಡಿ ಎಂದವರನ್ನು ಬಿಡುವ ಸ್ವಭಾವ ನನ್ನದಲ್ಲ. ಓದಿದ್ದು ನಾಲ್ಕನೆಯ ಕ್ಲಾಸು, ಆದರೆ ಗಂಡು ಮಕ್ಕಳ ಕೈಯನ್ನು ಹದ್ದುಬಸ್ತಿನಲ್ಲಿಡುವುದು ಹೇಗೆಂದು ಗೊತ್ತು. ಸ್ಟೀಲಿನ ಎರಡು ತಟ್ಟೆ ತೆಗೆದು, ಒಂದೊಂದರಲ್ಲೂ ಒಂದೊಂದು ಸೌಟು ಸಾರು ಹಾಕಿ ಅವರ ಎರಡು ಕೈಗೂ ಕೊಟ್ಟೆ. ವಾಲ್ಟ್ಸ್ ಹಾಕಿದೆ. ಕೈ ಅಲುಗಿದರೆ ಸಾರು ಚೆಲ್ಲುತ್ತದೆ, ಚೆಲ್ಲಿದ್ದನ್ನು ನೀವೇ ಒರೆಸಬೇಕು ಎಂದೆ. ಮೊದಲ ದಿನ ಅಡುಗೆಮನೆಯ ಬಿಳಿ ಗೋಡೆಗೂ ಟೊಮೆಟೊ ಸಾರಿನ ಅಭಿಷೇಕವಾಯಿತು. ಬೀಗರು ಮಂಡಿಯೂರಿ ಒರೆಸಿದರು, ನಾನು ಮತ್ತೆ ಬಡಿಸಿದೆ. ಹಾಗೆ ಒರೆಸಿ ಒರೆಸಿ ಒಂದು ದಿನ ನೆಲ ಒಣಗಿಯೇ ಉಳಿಯಿತು. ಕಚೇರಿಯ ದಿನ ಏಟು ಬೀಳುವ ಜಾಗದಲ್ಲಿ ನಾನು ತಲೆ ಆಡಿಸಬೇಕು, ಅವರು ನನ್ನನ್ನು ನೋಡಿ ಹೊಡೆಯಬೇಕು ಎಂದು ಒಪ್ಪಂದವಾಯಿತು. ಆ ವಾಲ್ಟ್ಸ್ ನನಗೆ ಎಷ್ಟು ಬಾಯಿಪಾಠವಾಯಿತೆಂದರೆ ಸಾಸಿವೆ ಸಿಡಿಯುವುದೂ ಮೂರು ಮೂರಾಗಿ ಕೇಳಿಸತೊಡಗಿತು.

ಭಾನುವಾರ ಮಧ್ಯಾಹ್ನ ಕಚೇರಿ. ಬೀಗರು ಮಗನ ಕಪ್ಪು ಕೋಟು ತೊಟ್ಟು ಎಲ್ಲರಿಗಿಂತ ಹಿಂದೆ ನಿಂತಿದ್ದರು. ಹಿತ್ತಾಳೆಯ ದೊಡ್ಡ ತಟ್ಟೆಗಳು ಎದೆಯ ಹತ್ತಿರ. ನಾನು ಮುಂದಿನ ಸಾಲಿನಲ್ಲಿ, ಸೀರೆಯ ಮೇಲೆ ಮಗಳ ದಪ್ಪ ಜಾಕೆಟ್ಟು ಹಾಕಿಕೊಂಡು ತೊಡೆಯ ಮೇಲೆ ಬೆರಳಾಡಿಸುತ್ತಾ ಕೂತಿದ್ದೆ. ವಾಲ್ಟ್ಸ್ ಶುರುವಾಯಿತು. ಬೀಗರ ಕೈ ಅಲುಗಲಿಲ್ಲ. ಪಿಟೀಲು ತಿರುಗಿತು, ತುತ್ತೂರಿ ತಿರುಗಿತು, ಬೀಗರ ಹಣೆಯ ಮೇಲೆ ಬೆವರು ಇಳಿಯಿತು, ಕೈ ಅಲುಗಲಿಲ್ಲ. ಮಗಳು ಕಣ್ಣು ಮುಚ್ಚಿಕೊಂಡಿದ್ದಳು. ಎಲ್ಲರೂ ಮೇಲೇರಿದರು, ತಡೆದರು. ನಾನು ತಲೆ ಆಡಿಸಿದೆ.

ಝಣ್!

ಅಂಥ ಏಟು ನಾನು ತುಮಕೂರಿನಲ್ಲೂ ಕೇಳಿಲ್ಲ. ಸಭಾಂಗಣದ ಕಿಟಕಿ ಗಾಜುಗಳೆಲ್ಲ ಹೌದು ಎಂದವು. ವಾಲ್ಟ್ಸ್ ಮುಗಿಯಿತು, ಜನ ಚಪ್ಪಾಳೆ ತಟ್ಟಿದರು. ಇಲ್ಲಿಯವರ ಚಪ್ಪಾಳೆ ನಿಮಗೆ ಗೊತ್ತಲ್ಲ, ಒಣಬಟ್ಟೆ ಕೊಡವಿದ ಹಾಗೆ ಇರುತ್ತದೆ. ನನಗೆ ಸಾಲಲಿಲ್ಲ. ಚಿಕ್ಕಂದಿನಲ್ಲಿ ಕಂಪನಿ ನಾಟಕದಲ್ಲಿ ಹಾಡು ಚೆನ್ನಾಗಿ ಬಂದರೆ ನಾವು ಏನು ಮಾಡುತ್ತಿದ್ದೆವೋ ಅದನ್ನೇ ಮಾಡಿದೆ. ಎದ್ದು ನಿಂತು ಕೂಗಿದೆ.

"ಒನ್ಸ್ ಮೋರ್!"

ಮಗಳು ಕುರ್ಚಿಯೊಳಗೆ ಇಳಿದೇ ಹೋದಳು. ಇಂಗ್ರಿಡ್ ತಿರುಗಿ ನನ್ನನ್ನು ನೋಡಿದರು. ನಾನೂ ಬಿಡದೆ ನೋಡಿದೆ. ಆಕೆ ನಕ್ಕರು. ಹಿಂದಿನ ಸಾಲಿನಿಂದ ಮತ್ತೊಬ್ಬರು ಕೂಗಿದರು, ಆಮೇಲೆ ಇನ್ನೊಬ್ಬರು. ಇಂಗ್ರಿಡ್ ಕೋಲು ಎತ್ತಿದರು, ವಾಲ್ಟ್ಸ್ ಮತ್ತೆ ಮೊದಲಿನಿಂದ ತಿರುಗಿತು! ಈ ಗಲಾಟೆಯಲ್ಲಿ ಮಗಳು ನನ್ನ ಜಾಕೆಟ್ಟು ಹಿಡಿದು ಎಳೆಯುತ್ತಿದ್ದಳು, ನಾನು ಬಿಡಿಸಿಕೊಳ್ಳುತ್ತಿದ್ದೆ, ತಲೆ ಆಡಿಸುವುದು ಮರೆತೇ ಹೋಯಿತು. ಆದರೂ ಏಟು ಕೂದಲೆಳೆಯಷ್ಟೂ ಆಚೀಚೆಯಾಗದೆ ಅದರ ಜಾಗದಲ್ಲೇ ಬಿತ್ತು. ಕೊಳಲಿನ ಮುದುಕಿ ಹಿಂದೆ ತಿರುಗಿ ಬೀಗರಿಗೆ ಹೆಬ್ಬೆರಳು ತೋರಿಸಿದಳು.

ಮಗಳು, ಅಳಿಯ ಮೊಮ್ಮಗಳೊಂದಿಗೆ ಸೈಕಲ್ಲಿನಲ್ಲಿ ಹೊರಟರು. ನಾವಿಬ್ಬರೂ ಬಸ್ ಸ್ಟಾಪಿನಲ್ಲಿ ನಿಂತೆವು. ಎರಡನೆಯ ಸಲ ನಾನು ತಲೆ ಆಡಿಸಲೇ ಇಲ್ಲವಲ್ಲ, ಹೇಗೆ ಗೊತ್ತಾಯಿತು ಎಂದು ಕೇಳಿದೆ.

"ಎಲ್ರೂ ಒಟ್ಟಿಗೆ ಉಸಿರು ಎಳ್ಕೊಂಡ್ರಲ್ಲ, ಅಲ್ಲಿ ಹೊಡೆದೆ" ಎಂದರು. ಮಫ್ಲರ್ ಸುತ್ತಿಕೊಳ್ಳುತ್ತಾ ಮತ್ತೆ ಹೇಳಿದರು, "ನಮ್ಮವಳಿಗೆ ಉಬ್ಬಸ ಇತ್ತು. ಸಾಲು ಮುಗಿಯೋ ಮುಂಚೆ ಉಸಿರು ಕಟ್ಕೊಳ್ಳೋದು. ಜನಕ್ಕೆ ಕೇಳಿಸ್ಬಾರ್ದು ಅಂತಿದ್ಲು, ನಾಚ್ಕೆ. ಅವಳು ಉಸಿರು ತಗೊಳ್ಳೋ ಜಾಗದಲ್ಲಿ ನಾನು ಜೋರಾಗಿ ಬಡೀತಿದ್ದೆ. ಯಾರಿಗೂ ಗೊತ್ತಾಗ್ಲಿಲ್ಲ."

ನನಗೂ ಗೊತ್ತಾಗಿರಲಿಲ್ಲ.

ಬಸ್ಸು ಬಂತು. ಅಕ್ಕಪಕ್ಕ ಕೂತೆವು. ಬೀಗರ ಕೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಇಷ್ಟು ವರ್ಷ ನಾನು ಬೇಡಿಕೊಂಡದ್ದೇ ಅದನ್ನು. ಒಂದು ಸ್ಟಾಪು ತಡೆದುಕೊಂಡೆ. ಎರಡನೆಯದಕ್ಕೆ ಆಗಲಿಲ್ಲ. ಮುಂದಿನ ಕಂಬಿಯ ಮೇಲೆ ನನ್ನ ಬಳೆಯಿಂದಲೇ ಬಡಿದೆ, ಒಂದು ಎರಡು ಮೂರು.

ಎದುರಿನವನು ಎದ್ದು ಹಿಂದಕ್ಕೆ ಹೋದ. ಬೀಗರು ಉಂಗುರದ ಕೈ ಎತ್ತಿದರು.