ಅಕ್ಕ ಸತ್ತ ಮೇಲೆ ನನ್ನ ಸರದಿ

ಮನೆಗೆ ಬಂದವರು ಹೊರಡಲು ಎದ್ದಾಗ ‘ಇನ್ನೂ ಸ್ವಲ್ಪ ಹೊತ್ತು ಇರಿ’ ಎನ್ನುವುದು ನನಗೆ ಬಾರದ ವಿದ್ಯೆ. ಅಮ್ಮನಾದರೆ ಚಪ್ಪಲಿ ಮೆಟ್ಟಿದವರನ್ನೂ ಒಳಗೆ ಕರೆತಂದು ಉಪ್ಪಿಟ್ಟು ತಿನ್ನಿಸಬಲ್ಲಳು. ನಾನು ಹೋಗಿ ಗೇಟಿನ ಚಿಲಕ ತೆಗೆದುಕೊಡುತ್ತೇನೆ. ಮದುವೆಯಾಗಿ ಕೆಂಗೇರಿ ಸೇರಿದ ಅಕ್ಕನ ವಿಷಯದಲ್ಲೂ ಇದೇ ಕಥೆ. ಭಾನುವಾರ ಚಂದ್ರಾ ಲೇಔಟಿನ ನಮ್ಮ ಮನೆಗೆ ಬರುತ್ತಾಳೆ, ಅಮ್ಮನ ಜೊತೆ ಮಾತಾಡುತ್ತಾಳೆ, ಗಡಿಯಾರ ನೋಡುತ್ತಾಳೆ, ಹೋಗಿ ಮೆಟ್ರೋ ಹತ್ತುತ್ತಾಳೆ. ಒಂದು ಸಂಜೆಯಾದರೂ ಅವಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವ ಆಸೆ. ಅದನ್ನು ಬಾಯಿಬಿಟ್ಟು ಹೇಳಲಾಗದೆ ಅಸೆಂಬ್ಲಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಒಂದು ವಿಡಿಯೋ ಗೇಮ್ ಬರೆದೆ.

ಚಿಕ್ಕಂದಿನಲ್ಲಿ ನಮ್ಮದು ಟಿವಿಗೆ ಸಿಕ್ಕಿಸಿ ಆಡುವ ಗೇಮು. ಒಬ್ಬರ ಜೀವಗಳೆಲ್ಲ ಮುಗಿದ ಮೇಲೆ ಇನ್ನೊಬ್ಬರ ಸರದಿ. ಹಿರಿತನದ ಹಕ್ಕಿನಿಂದ ಅಕ್ಕನೇ ಮೊದಲು.

“ಅಕ್ಕಾ, ಯಾವಾಗ ಸಾಯ್ತೀಯಾ?” ಎಂದು ನಾನು ಗೋಗರೆಯುತ್ತಿದ್ದೆ.

“ಇರೇ, ಇನ್ನೊಂದು ಜೀವ ಇದೆ,” ಎನ್ನುತ್ತಿದ್ದಳು ಅವಳು.

ಅಡುಗೆಮನೆಯಿಂದ ಅಮ್ಮ, “ದೀಪ ಹಚ್ಚೋ ಹೊತ್ತಲ್ಲಿ ಅದೇನು ಮಾತು ಅಂತ ಆಡ್ತೀರೇ?” ಎಂದು ಗದರುತ್ತಿದ್ದಳು.

ಆ ಕಾಲದ ಯಂತ್ರಗಳೊಳಗಿನ ಜಾಗ, ಈಗ ದಿನಾ ಬೆಳಿಗ್ಗೆ ಫೋನಿಗೆ ಬಂದು ಬೀಳುವ ಒಂದು ಗುಲಾಬಿ ಹೂವಿನ ಚಿತ್ರಕ್ಕೂ ಸಾಲದು. ಅದಕ್ಕೇ ಆಗಿನವರು ಯಂತ್ರದ ಮಾತಿಗೆ ತೀರ ಹತ್ತಿರದ ಅಸೆಂಬ್ಲಿಯಲ್ಲಿ ಬಿಗಿಯಾಗಿ ಬರೆಯುತ್ತಿದ್ದರು. ಅದೊಂದು ಥರ ಅಪ್ಪನಿಗೆ ಫೋನಿನಲ್ಲಿ ಕಾಫಿ ಮಾಡುವುದನ್ನು ಹೇಳಿಕೊಟ್ಟ ಹಾಗೆ: ಪಾತ್ರೆ ತಗೊಳ್ಳಿ, ಹಾಲು ಹಾಕಿ, ಒಲೆ ಮೇಲಿಡಿ. ‘ಒಲೆ ಹಚ್ಚಿ’ ಎನ್ನಲು ಮರೆತಿರೋ, ಅಪ್ಪ ತಣ್ಣಗಿನ ಹಾಲನ್ನು ನೋಡುತ್ತ ನಿಂತಿರುತ್ತಾರೆ. ಯಂತ್ರವೂ ಅಷ್ಟೇ. ಮಾತು ಕಡಿಮೆಯಿರುವ ನನಗೆ ಈ ಭಾಷೆ ಕಾಲೇಜಿನಲ್ಲೇ ಹಿಡಿಸಿತ್ತು.

ನನ್ನ ಗೇಮಿನಲ್ಲಿ ನಮ್ಮ ರಸ್ತೆಯಲ್ಲೇ ಒಬ್ಬ ಹುಡುಗಿ ಮೋರಿ, ಜಲ್ಲಿರಾಶಿ, ಮಲಗಿದ ನಾಯಿಗಳನ್ನು ಹಾರಿಕೊಂಡು ಓಡಬೇಕು. ಎಡವಿದರೆ ಒಂದು ಜೀವ ಹೋಯಿತು. ಹಳೆಯ ಗೇಮಿನ ಹಾಗೇ ಇಲ್ಲೂ ಮೊದಲ ಸರದಿ ಅಕ್ಕನದು, ಅವಳ ಜೀವಗಳು ಮುಗಿದ ಮೇಲೆ ನನ್ನದು. ಆದರೆ ಅಕ್ಕ ಬೇಗ ಸತ್ತರೆ ಬೇಗ ಹೊರಟುಬಿಡುತ್ತಾಳಲ್ಲ? ಅವಳ ಲೆಕ್ಕದಿಂದ ಜೀವ ಕಳೆಯುವ ಆ ಒಂದು ಸಾಲನ್ನು ಅಳಿಸಿಹಾಕಿದೆ. ಅಕ್ಕ ಚಿರಂಜೀವಿಯಾದಳು.

ಭಾನುವಾರ ಲ್ಯಾಪ್‌ಟಾಪನ್ನು ಅವಳ ತೊಡೆಯ ಮೇಲಿಟ್ಟೆ. “ಅಯ್ಯೋ, ಇದು ನಮ್ ರೋಡ್ ಕಣೇ,” ಎಂದು ನಕ್ಕಳು. ಪಕ್ಕದಲ್ಲಿ ಕಾಲು ಮಡಚಿ ಕೂತೆ. ಅಕ್ಕ ಮೋರಿಗೆ ಬಿದ್ದಳು, ಎದ್ದಳು. ನಾಯಿಯನ್ನು ತುಳಿದಳು, ಎದ್ದಳು. ಆಮೇಲೆ ಹಾರುವುದನ್ನೇ ಬಿಟ್ಟಳು.

“ಸಾಯೋದೇ ಇಲ್ವಲ್ಲೇ ಇವಳು. ಭಯಾನೇ ಇಲ್ದಿದ್ರೆ ಏನು ಆಡೋದು? ತಗೋ, ನೀನು ಆಡು,” ಎಂದು ಎದ್ದಳು. “ಅಮ್ಮಾ, ಬರ್ತೀನಿ. ಅವ್ರು ಕಾಯ್ತಿರ್ತಾರೆ.”

ಅಮ್ಮ ಅವಳಿಗೆಂದು ತಂದಿಟ್ಟ ಕಾಫಿ ಇನ್ನೂ ಬಿಸಿಯಾಗಿತ್ತು.

ಅವಳು ಹೋದ ಮೇಲೆ ಅಳಿಸಿದ ಸಾಲನ್ನು ಮತ್ತೆ ಬರೆದೆ. ಈಗ ಜೀವಗಳು ಖರ್ಚಾಗುತ್ತವೆ. ನಾನು ಆಡಬೇಕಾದರೆ ಮೊದಲು ಅಕ್ಕನ ಸರದಿ ಮುಗಿಯಬೇಕು. ಅದನ್ನೂ ನಾನೇ ಆಡತೊಡಗಿದೆ. ಬೇಕೆಂದೇ ಅವಳನ್ನು ಮೋರಿಗೆ ಬೀಳಿಸಿದ್ದರೆ ಕ್ಷಣದಲ್ಲಿ ನನ್ನ ಪಾಳಿ ಬರುತ್ತಿತ್ತು. ನಾನೋ, ಪರೀಕ್ಷೆಗೂ ಇಲ್ಲದ ಎಚ್ಚರದಿಂದ ಒಂದೊಂದೇ ನಾಯಿಯನ್ನು ದಾಟಿಸುತ್ತ ಕೂತೆ. ಅಮ್ಮ ಊಟಕ್ಕೆ ಕರೆದಾಗಲೂ ಅಕ್ಕ ಓಡುತ್ತಲೇ ಇದ್ದಳು.