ರುಸೈಲಿನ ಬರ್ಗಂಡಿ ಪ್ರಾಂತ್ಯ

ಕೊಲ್ಲಿ ನಾಡಿನ ರುಸೈಲ್ ಕೈಗಾರಿಕಾ ಪ್ರದೇಶದ ಪೈಪು-ವಾಲ್ವು ಕಂಪೆನಿಯೊಂದರ ಸ್ಟೋರು 2016ರ ಜನವರಿ ಒಂದರಿಂದ ಫ್ರಾನ್ಸ್ ದೇಶದ ಬರ್ಗಂಡಿ ಪ್ರಾಂತ್ಯವಾಗಿರುತ್ತದೆ. ಈ ಬಗ್ಗೆ ಸುತ್ತೋಲೆ ಹೊರಟಿದೆ, ಸಂಬಂಧಪಟ್ಟವರೆಲ್ಲ ಸಹಿ ಹಾಕಿದ್ದಾರೆ. ಆದ್ದರಿಂದ ಅನುಮಾನಕ್ಕೆ ಎಡೆಯಿಲ್ಲ.

ಸ್ಟೋರಿನ ಮುಖ್ಯಸ್ಥ ದೇಜಪ್ಪನಿಗೂ ಅನುಮಾನವಿರಲಿಲ್ಲ. ಅವನಿಗಿದ್ದದ್ದು ಹೆದರಿಕೆ. ಕಚ್ಚಾ ಎಣ್ಣೆಯ ಬೆಲೆ ನೆಲ ಕಚ್ಚಿದ ಮೇಲೆ ಮರುಭೂಮಿಯ ಬಾವಿಗಳವರು ವಾಲ್ವು ಕೊಳ್ಳುವುದನ್ನೇ ಬಿಟ್ಟಿದ್ದರು. ಹಮ್ರಿಯಾದಲ್ಲಿ ಅವನಿದ್ದ ಬಿಲ್ಡಿಂಗಿನಿಂದ ಒಂದೊಂದೇ ಸಂಸಾರ ಸೋಫಾ, ಫ್ರಿಜ್ಜು ಮಾರಿ ಊರಿನ ದಾರಿ ಹಿಡಿಯುತ್ತಿತ್ತು. ಮಗಳು ಅಕ್ಷಯಾ ಹನ್ನೆರಡನೇ ಕ್ಲಾಸು, ಮಾರ್ಚಿನಲ್ಲಿ ಬೋರ್ಡ್ ಪರೀಕ್ಷೆ. ಕೆಲಸ ಹೋದರೆ ವೀಸಾ ಹೋಯಿತು, ವೀಸಾ ಹೋದರೆ ಪರೀಕ್ಷೆ ಹೋಯಿತು. ಪರೀಕ್ಷೆ ಮುಗಿಯುವವರೆಗೆ ಕುರ್ಚಿ ಬಿಡಬಾರದು, ಅಷ್ಟೇ ಅವನ ಜೀವನದ ಗುರಿ.

ಇತ್ತ ಕಂಪೆನಿಯು ಖರ್ಚು ಕಡಿಮೆ ಮಾಡಬೇಕೆಂದು ಸಿಕ್ಕಾಪಟ್ಟೆ ಖರ್ಚು ಮಾಡಿ ದುಬೈಯಿಂದ ಶ್ರೀನಿವಾಸಮೂರ್ತಿ ಎಂಬ ಸಲಹೆಗಾರರನ್ನು ಕರೆಸಿತು. ಮೂರ್ತಿಗಳು ಗೋಡೆಯ ಮೇಲೆ ಫ್ರಾನ್ಸಿನ ಭೂಪಟ ಬಿಟ್ಟರು.

“ನೋಡಿ, ಫ್ರಾನ್ಸಿನವರು ಖರ್ಚು ಉಳಿಸೋಕೆ ಇಪ್ಪತ್ತೆರಡು ಪ್ರಾಂತ್ಯಗಳನ್ನ ಸೇರಿಸಿ ಹದಿಮೂರು ಮಾಡ್ತಿದ್ದಾರೆ. ಅಷ್ಟು ದೊಡ್ಡ ಸರ್ಕಾರ ತಲೆ ಕೆಡಿಸ್ಕೊಂಡು ಮಾಡಿರೋ ಕೆಲಸಾನ ನಾವು ಮತ್ತೆ ಯಾಕೆ ಮಾಡ್ಬೇಕು? ಹಾಗೇ ಇಳಿಸ್ಕೊಳ್ಳೋಣ” ಎಂದರು.

ಹಾಗೇ ಇಳಿಸಿಕೊಳ್ಳಲಾಯಿತು. ಅಕೌಂಟ್ಸು ಪ್ಯಾರಿಸ್ ಆಯಿತು. ಕ್ಯಾಂಟೀನಿಗೆ ನಾರ್ಮಂಡಿ ಬಂತು. ಸ್ಟೋರು ಬರ್ಗಂಡಿ, ಅದರ ಪಕ್ಕದ ಪರ್ಚೇಸ್ ವಿಭಾಗ ಫ್ರಾಂಶ್-ಕೊಂತೆ. ಫ್ರಾನ್ಸಿನಲ್ಲಿ ಈ ಎರಡು ಪ್ರಾಂತ್ಯಗಳು ಒಂದಾಗುತ್ತಿದ್ದುದರಿಂದ ರುಸೈಲಿನಲ್ಲೂ ಒಂದಾಗತಕ್ಕದ್ದು. ಇಬ್ಬರು ಮುಖ್ಯಸ್ಥರಲ್ಲಿ ಒಬ್ಬರು ಉಳಿಯತಕ್ಕದ್ದು. ತನ್ನ ಪ್ರಾಂತ್ಯದ ಭೂಗೋಳ, ಇತಿಹಾಸಗಳನ್ನು ಅರ್ಬಾಬ್, ಅಂದರೆ ಮಾಲೀಕರ ಮುಂದೆ ಯಾರು ಚೆನ್ನಾಗಿ ಒಪ್ಪಿಸುತ್ತಾರೋ ಅವರು. ಬರ್ಗಂಡಿಯ ಪ್ರಸಿದ್ಧ ಪಾನೀಯವನ್ನು ಮಾತ್ರ, ಈ ನೆಲದ ಮರ್ಯಾದೆಗೆ ತಕ್ಕಂತೆ, ‘ದ್ರಾಕ್ಷಿ ಮೂಲದ ಸರಕು’ ಎಂದೇ ಕರೆಯತಕ್ಕದ್ದು ಎಂದು ಸುತ್ತೋಲೆಯ ಕೊನೆಗೆ ಸೇರಿಸಲಾಗಿತ್ತು.

ಪರ್ಚೇಸಿನ ಮುಖ್ಯಸ್ಥ ಸ್ಟ್ಯಾನ್ಲಿ ಮಂಗಳೂರಿನವನು, ದೇಜಪ್ಪನ ಮೇಲಿನ ಮಹಡಿಯವನು. ದಿನಾ ಅವನ ಕಾರಿನಲ್ಲೇ ಇಬ್ಬರೂ ರುಸೈಲಿಗೆ ಹೋಗುವುದು. ದಾರಿಯುದ್ದಕ್ಕೂ ತುಳುವಿನಲ್ಲಿ ಹರಟುತ್ತಿದ್ದವರು ಈಗ ಬಾಯಿಗೆ ಬೀಗ ಹಾಕಿಕೊಂಡರು. ಇವನು ಸೋನ್ ನದಿ ಎಂದು ತುಟಿ ಆಡಿಸಿದರೆ ಅವನು ಜೂರಾ ಬೆಟ್ಟ ಎಂದು ಗೊಣಗುತ್ತಿದ್ದ. ಬಾಲ್ಯದಲ್ಲಿ ಉಳ್ಳಾಲದ ಆಚೆ ಏನಿದೆಯೆಂದೂ ಕೇಳದಿದ್ದ ಇಬ್ಬರು ಗಂಡಸರಿಗೆ ಈ ವಯಸ್ಸಿನಲ್ಲಿ ಇಂಥ ಗ್ರಹಚಾರ!

ಅಕ್ಷಯಾ ತನ್ನ ಫಿಸಿಕ್ಸ್ ಬದಿಗಿಟ್ಟು ಅಪ್ಪನಿಗೆ ಪಾಠ ಹೇಳಿದಳು. ದಿಜೋನ್ ರಾಜಧಾನಿ. ಪೂರ್ವಕ್ಕೆ ಮುಖ ಮಾಡಿದ ಸುಣ್ಣಕಲ್ಲಿನ ಇಳಿಜಾರು. ಅಲ್ಲಿ ಕ್ರೈಸ್ತ ಸಾಧುಗಳು ದ್ರಾಕ್ಷಿ ತೋಟವನ್ನು ತುಂಡು ತುಂಡು ಮಾಡಿ ಒಂದೊಂದಕ್ಕೂ ಗೋಡೆ ಕಟ್ಟಿ ಹೆಸರಿಟ್ಟದ್ದು. ದ್ರಾಕ್ಷಿ ಅದೇ, ಆದರೆ ಕಾಲುದಾರಿಯ ಆಚೆಗೊಂದು ಬೆಲೆ, ಈಚೆಗೊಂದು ಬೆಲೆ.

“ದೆನ್ ಡ್ಯೂಕ್ ಚಾರ್ಲ್ಸ್, ಪಪ್ಪ. 1477ರಲ್ಲಿ ಚಳಿಗಾಲದ ಯುದ್ಧದಲ್ಲಿ ಸತ್ತ. ಫ್ರಾನ್ಸಿನ ರಾಜ ಬಂದು ಬರ್ಗಂಡಿಯನ್ನು ಸೇರಿಸಿಕೊಂಡ. ಇಟ್ ವಾಸ್ ಮರ್ಜ್ಡ್.”

“ಅಯ್ಯೋ ದೇವರೇ, ಆಗಲೂ ಮರ್ಜರಾ? ಅವನಿಗೆ ಮಕ್ಕಳೆಷ್ಟು?”

“ಒಬ್ಬಳೇ ಮಗಳು.”

ದೇಜಪ್ಪನಿಗೆ ಊಟ ಸೇರಲಿಲ್ಲ. ಆ ಹುಡುಗಿಯ ಓದು ಎಂತಾಯಿತೋ ಎಂದು ಕೇಳಿದ, ಪುಸ್ತಕದಲ್ಲಿ ಅದಿರಲಿಲ್ಲ.

“ಎಂತ ಮಾರ್ರೆ, ಸತ್ತು ಐನೂರು ವರ್ಷ ಆದವನಿಗೆ ಈಗ ಅಳುವುದಾ? ನಿಮ್ಮದನ್ನು ನೋಡಿಕೊಳ್ಳಿ” ಎಂದು ಹೆಂಡತಿ ಮೋಹಿನಿ ಗದರಿ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು.

ಅರ್ಬಾಬರ ಮುಂದೆ ಒಪ್ಪಿಸುವ ದಿನ ಸ್ಟ್ಯಾನ್ಲಿ ಮಿಂಚಿದ. ಬೆಜಾನ್ಸೋನ್ ಕೋಟೆ, ಗಡಿಯಾರದ ಕಾರ್ಖಾನೆಗಳು, ಆ ಪ್ರಾಂತ್ಯವು ಸ್ಪೇನಿನ ಕೈಯಿಂದ ಫ್ರಾನ್ಸಿಗೆ ಬಂದ ಕಥೆ, ಎಲ್ಲ ನಿರರ್ಗಳ. ದೇಜಪ್ಪನ ಸರದಿ ಬಂದಾಗ ಅರ್ಬಾಬ್ ಇತಿಹಾಸ ಕೇಳಲೇ ಇಲ್ಲ. ಗಾಜಿನಾಚೆ ಸ್ಟೋರಿನ ಕಡೆ ಕೈ ತೋರಿಸಿ, ಇಷ್ಟು ಮಾಲು ವರ್ಷಗಟ್ಟಲೆಯಿಂದ ಯಾಕೆ ಬಿದ್ದಿದೆ ಎಂದರು.

ಯಾರೂ ಕೊಳ್ಳುವವರಿಲ್ಲ ಸ್ವಾಮಿ ಎನ್ನಬೇಕಿತ್ತು. ಹಾಗೆಂದರೆ ಆ ಕ್ಷಣವೇ ಖಲಾಸ್. ದೇಜಪ್ಪನ ಬಾಯಿ ತಾನಾಗಿ ಆಡಿತು.

“ಬಿದ್ದದ್ದಲ್ಲ ಸಾರ್, ಇಟ್ಟದ್ದು. ಬರ್ಗಂಡಿಯಲ್ಲಿ ದ್ರಾಕ್ಷಿ ಮೂಲದ ಸರಕನ್ನು ಅವಸರದಲ್ಲಿ ತೆಗೆಯುವ ಕ್ರಮ ಇಲ್ಲ. ಹಳೆಯದಾದಷ್ಟು ಬೆಲೆ ಜಾಸ್ತಿ. ನಮ್ಮ ವಾಲ್ವುಗಳು ಪಕ್ವ ಆಗ್ತಾ ಉಂಟು.”

ಪ್ಯಾರಿಸಿನ ಮುಖ್ಯಸ್ಥರು, ಅಂದರೆ ಅಕೌಂಟ್ಸಿನವರು, ಕ್ಯಾಲ್ಕುಲೇಟರ್ ಒತ್ತಿದರು. ಹಳೆ ಮಾಲಿನ ಬೆಲೆ ವರ್ಷಕ್ಕಿಷ್ಟು ಎಂದು ಏರಿಸುತ್ತ ಹೋದರೆ ಕಂಪೆನಿಗೆ ನಷ್ಟವಿಲ್ಲ; ಇದುವರೆಗೆ ಕಾಣದ ಲಾಭ! ಅವರ ಕಣ್ಣಲ್ಲಿ ನೀರು ಬಂತು. ಮೂರ್ತಿಗಳು ಇದು ಮೊದಲಿನಿಂದಲೂ ತಮ್ಮ ಯೋಜನೆಯೇ ಎಂದರು. ಅರ್ಬಾಬ್ ಮುಗುಳ್ನಕ್ಕು “ಯಲ್ಲಾ, ಶುರು ಮಾಡಿ” ಎಂದು ಎದ್ದರು.

ದೇಜಪ್ಪ ಸಂಯುಕ್ತ ಪ್ರಾಂತ್ಯದ ಮುಖ್ಯಸ್ಥನಾದ. ಸ್ಟ್ಯಾನ್ಲಿಯನ್ನು ಕಳಿಸಬೇಕಾಗಿತ್ತು, ಆದರೆ ಪಕ್ವತೆಯನ್ನು ಪ್ರಮಾಣೀಕರಿಸಲು ಒಬ್ಬರು ಬೇಕಲ್ಲ? ಅವನಿಗೆ ಒಂದು ಸಣ್ಣ ಸುತ್ತಿಗೆ ಕೊಡಲಾಯಿತು. ವಾಲ್ವಿಗೆ ಮೆತ್ತಗೆ ತಟ್ಟಿ, ಕಿವಿಗೊಟ್ಟು, ಕಣ್ಣು ಮುಚ್ಚಿ, “ಪೂರ್ವದ ರ‍್ಯಾಕು, 2013. ಇನ್ನೆರಡು ವರ್ಷ ಮುಟ್ಟಬೇಡಿ” ಎನ್ನುವುದು ಅವನ ಕೆಲಸ. ಕಾರಿನಲ್ಲಿ ಮತ್ತೆ ತುಳು ಶುರುವಾಯಿತು. ರ‍್ಯಾಕುಗಳ ನಡುವೆ ಮೊಣಕಾಲೆತ್ತರದ ಗೋಡೆ ಎದ್ದಿತು, ಒಂದೊಂದು ರ‍್ಯಾಕಿಗೂ ಹೆಸರು ಬಂತು. ಲಾಭದ ಸುದ್ದಿ ಹರಡಿ ಪಕ್ಕದ ಬಿಸ್ಕತ್ ಕಾರ್ಖಾನೆಯವರೂ ಮೂರ್ತಿಗಳನ್ನು ಕರೆಸಿ ಆಲ್ಸೇಸ್ ಪ್ರಾಂತ್ಯವಾದರು. ಅವರಾಚೆಯ ಬಣ್ಣದ ಕಂಪೆನಿ ಶಾಂಪೇನ್ ಆಯಿತು. ಹೀಗೆ ಮಾರ್ಚ್ ಬಂತು.

ಅಕ್ಷಯಾ ಗಣಿತದ ಪರೀಕ್ಷೆಗೆ ಕೂತಿದ್ದ ಬೆಳಿಗ್ಗೆ, ಮರುಭೂಮಿಯ ಬಾವಿಯೊಂದರಿಂದ ಅಬ್ದುಲ್ ಎಂಬ ಇಂಜಿನಿಯರು ಧೂಳು ಮೆತ್ತಿಕೊಂಡು ಓಡಿಬಂದ. ಲೈನು ಸೋರುತ್ತಿದೆ, ಆರು ವಾಲ್ವು ಬೇಕು, ಈಗಲೇ, ನಗದು ತಂದಿದ್ದೇನೆ ಎಂದ.

ಎಷ್ಟು ಕಾಲದ ಮೇಲೆ ಒಬ್ಬ ಗಿರಾಕಿ! ದೇಜಪ್ಪನ ಕೈ ಗೇಟ್‌ಪಾಸಿನತ್ತ ಹೋಯಿತು. ಅಲ್ಲೇ ನಿಂತಿತು. ಒಂದು ವಾಲ್ವು ಹೊರಗೆ ಹೋದರೆ ಅದರ ನಿಜವಾದ ಬೆಲೆ ಬಿಲ್ಲಿನಲ್ಲಿ ಬರುತ್ತದೆ. ಬಂದರೆ ಉಳಿದವುಗಳ ಬೆಲೆಯೂ ಬಯಲಾಗುತ್ತದೆ, ಲಾಭ ಹೋಗುತ್ತದೆ, ಪ್ರಾಂತ್ಯ ಹೋಗುತ್ತದೆ. ಕೆಮಿಸ್ಟ್ರಿ ಇನ್ನೂ ಬಾಕಿಯಿದೆ.

“ಆಗಿಲ್ಲ ಭಾಯಿ” ಎಂದ ದೇಜಪ್ಪ, ತನಗೇ ನಾಚಿಕೆಯಾಗುವಷ್ಟು ಗಂಭೀರವಾಗಿ.

“ಏನಾಗಿಲ್ಲ? ಎದುರಿಗೇ ಇದೆಯಲ್ಲ! ಅಲ್ಲಿ ಸೋರುತ್ತಿದೆ!”

ಸ್ಟ್ಯಾನ್ಲಿ ಬಂದು ಒಂದು ವಾಲ್ವಿಗೆ ತಟ್ಟಿ, ಆಲಿಸಿ, ಬೇಸರದಿಂದ ತಲೆಯಾಡಿಸಿದ.

ಅಬ್ದುಲ್ ಗೋಡೆಗಳನ್ನೂ ಹೆಸರುಗಳನ್ನೂ ನೋಡಿದ. ಅವನ ದನಿ ತಗ್ಗಿತು. “ಮಾಫ್ ಕರೋ, ನನಗೆ ಗೊತ್ತಿರಲಿಲ್ಲ. ಆ 2009ರದ್ದು?”

“ಅದು ಮಾರಾಟಕ್ಕಿಲ್ಲ. ಪರಂಪರೆ” ಎಂದ ಸ್ಟ್ಯಾನ್ಲಿ.

ಅಬ್ದುಲ್ ಹೆಲ್ಮೆಟ್ ತೆಗೆದು ಸ್ಟೋರನ್ನು ಒಂದು ಸುತ್ತು ಬಂದ, 2020ಕ್ಕೆ ಆರು ವಾಲ್ವು ಬುಕ್ ಮಾಡಿದ. ಅಲ್ಲಿಯವರೆಗೆ ಸೋರಿಕೆಯನ್ನು ಮುಂದುವರಿಸಲು ಅಡ್ಡಿಯಿಲ್ಲವೆಂದು ಮರುದಿನವೇ ಅವನ ಕಚೇರಿಯಿಂದ ಒಪ್ಪಿಗೆ ಬಂತು.

ಅಬ್ದುಲ್ ಬಂದ ದಿನ ಸಂಜೆಯೇ ಸುದ್ದಿ ಕೇಳಿದ ಮೋಹಿನಿಗೆ ಗಾಬರಿಯಾಯಿತು. ಅವನಂಥವನೇ ಇನ್ನೊಬ್ಬ ಬಂದು ಹಟ ಹಿಡಿದರೆ? ಟ್ಯಾಕ್ಸಿ ಹಿಡಿದು ದಾರ್ಸೈಟಿನ ಕೃಷ್ಣ ದೇವಸ್ಥಾನಕ್ಕೆ ಹೋದಳು. ಇನ್ನು ಯಾವ ಗಿರಾಕಿಯೂ ಈ ಕಡೆ ಸುಳಿಯದಂತೆ ಕಾಪಾಡಪ್ಪ ಎಂದು ಕೈಮುಗಿದು, ಅರ್ಚಕರಿಗೆ ಅರ್ಚನೆ ಮಾಡಲು ಹೇಳಿದಳು.

“ಯಜಮಾನರ ಹೆಸರು?” ಎಂದು ಕೇಳಿದರು ಅರ್ಚಕರು.

“ದೇಜಪ್ಪ.”

“ನಕ್ಷತ್ರ?”

“ಅನೂರಾಧಾ.”

ಅರ್ಚಕರು ತುಳಸಿ ಕೈಗೆತ್ತಿಕೊಂಡು, ತಲೆಯೆತ್ತದೆ ಕೇಳಿದರು.

“ಪ್ರಾಂತ್ಯ?”